ಅಳುವಿಗೂ ತಾಳ ಬೇಕೇ?



1983ರ ಮಾರ್ಚ್‌ನಲ್ಲಿ ಬಂದ 'ದಿ ಹರ್ಟಿಂಗ್' ಆಲ್ಬಮ್ಮಿನ ಪರಿಚಯಕ್ಕೆ ನಾಲ್ಕು ಮಾತು ಸಾಕು. ಇಂಗ್ಲೆಂಡಿನ ಬಾತ್ ಊರಿನ ರೋಲಂಡ್ ಒರ್ಜಬಾಲ್ ಮತ್ತು ಕರ್ಟ್ ಸ್ಮಿತ್ ಕಟ್ಟಿದ ತಂಡ ಟಿಯರ್ಸ್ ಫಾರ್ ಫಿಯರ್ಸ್. ಇದು ಅವರ ಮೊದಲ ಆಲ್ಬಮ್. ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇಬ್ಬರೂ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜಾನೊವ್‌ನನ್ನು ಓದಿಕೊಂಡವರು. ಬಾಲ್ಯದಲ್ಲಿ ನುಂಗಿಕೊಂಡ ನೋವನ್ನು ಮತ್ತೆ ಅನುಭವಿಸಿ, ಅತ್ತು, ಚೀರಿ ಹೊರಹಾಕದೆ ಬಿಡುಗಡೆಯಿಲ್ಲ ಎಂಬುದು ಅವನ ವಾದ. 1970ರಲ್ಲಿ ಜಾನ್ ಲೆನನ್ ಕೂಡ ಅವನ ಬಳಿ ಚಿಕಿತ್ಸೆಗೆ ಹೋಗಿದ್ದ.

ನನ್ನ ತಕರಾರು ಈ ಆಲ್ಬಮ್ಮಿನ 'ಮ್ಯಾಡ್ ವರ್ಲ್ಡ್' ಹಾಡಿನ ಬಗ್ಗೆ. 2001ರ 'ಡಾನಿ ಡಾರ್ಕೊ' ಚಿತ್ರಕ್ಕಾಗಿ ಮೈಕೆಲ್ ಆಂಡ್ರ್ಯೂಸ್ ನುಡಿಸಿದ ಪಿಯಾನೊ ಜೊತೆ ಗ್ಯಾರಿ ಜೂಲ್ಸ್ ಅದನ್ನು ನಿಧಾನವಾಗಿ ಹಾಡಿದ. ಆ ಹಾಡಿನ ದುಃಖ ನಿಜವಾಗಿ ಹೊರಬಂದದ್ದು ಆಗಲೇ, ಆಲ್ಬಮ್ಮಿಗೂ ಮುನ್ನ 1982ರಲ್ಲೇ ಬಂದ ಮೂಲ ಬರಿಯ ಕುಣಿತದ ಹಾಡು ಎನ್ನುವವರು ಬಹಳ. ನಾನು ಒಪ್ಪುವುದಿಲ್ಲ.

ನಿಧಾನ ಟಿಯರ್ಸ್ ಫಾರ್ ಫಿಯರ್ಸ್ ತಂಡಕ್ಕೆ ಬರುತ್ತಿರಲಿಲ್ಲವೆಂದಲ್ಲ. ಅದೇ ಆಲ್ಬಮ್ಮಿನ 'ಐಡಿಯಾಸ್ ಆ್ಯಸ್ ಓಪಿಯೇಟ್ಸ್' ಕೇಳಿ. ಜಾನೊವ್‌ನ ಅಧ್ಯಾಯವೊಂದರ ಹೆಸರನ್ನೇ ಹೊತ್ತ ಆ ಹಾಡು ತೀರಾ ನಿಧಾನ. ಹಾಗಾದರೆ 'ಮ್ಯಾಡ್ ವರ್ಲ್ಡ್'ನ ವೇಗ ಬೇಕೆಂದೇ ಆರಿಸಿಕೊಂಡದ್ದು. ಅಲ್ಲಿ ಲಯ ಒಂದೇ ಸಮನೆ ಓಡುತ್ತದೆ, ಸ್ಮಿತ್‌ನ ದನಿ ಒಡೆಯುವುದಿಲ್ಲ. ನೊಂದ ಮಗು ಮಾಡುವುದೂ ಅದನ್ನೇ ಅಲ್ಲವೇ? ಚೀಲ ಹೆಗಲಿಗೇರಿಸಿ, ಸಾಲಿನಲ್ಲಿ ನಿಂತು, ಎಲ್ಲರ ಜೊತೆ ಹೆಜ್ಜೆ ಹಾಕುತ್ತದೆ. ಪಿಯಾನೊ ಹಾಡು ಆ ಮಗುವನ್ನು ನೋಡಿ ಮರುಗುತ್ತದೆ. ಮೂಲ ಹಾಡು ಮಗುವಿನ ಒಳಗೇ ಇದೆ.

ನನಗೆ ಮನಶ್ಶಾಸ್ತ್ರ ಕಲಿಸಿದ ಮೇಷ್ಟ್ರಿಗೆ ಯಕ್ಷಗಾನದ ಹುಚ್ಚು. "ಚಂದ್ರಮತಿ ಮಗನ ಹೆಣದ ಮುಂದೆ ಗೋಳಿಡುವಾಗಲೂ ಭಾಗವತರು ತಾಳ ಬಿಡೋದಿಲ್ಲ ಕಣಯ್ಯ. ತಾಳ ಇರೋದಕ್ಕೇ ನಾವು ಕೂತು ಅಳೋಕಾಗೋದು" ಎನ್ನುತ್ತಿದ್ದರು. ಈ ಆಲ್ಬಮ್ ಕೇಳಿದಾಗಲೆಲ್ಲ ನನಗೆ ಅವರ ಮಾತೇ ನೆನಪಾಗುತ್ತದೆ.

ಆದರೆ ಜಾನೊವ್ ಬಯಸಿದ್ದು ಕಟ್ಟೊಡೆದ ಚೀರಾಟವನ್ನು. ಆಲ್ಬಮ್ ಕೊಟ್ಟದ್ದು ಹಿಡಿತವನ್ನು. ಇಷ್ಟೆಲ್ಲ ಹಾಡಿ ಗೆದ್ದ ಮೇಲೂ ಒರ್ಜಬಾಲ್ ಅದೇ ಚಿಕಿತ್ಸೆಗೆ ಹೋದ. ಆ ಚಿಕಿತ್ಸೆಗೆ ಗಟ್ಟಿ ಪುರಾವೆ ಇಲ್ಲವೆಂದು ಮನಶ್ಶಾಸ್ತ್ರ ಇಂದು ಅದನ್ನು ಬದಿಗಿಟ್ಟಿದೆ. ಸಿದ್ಧಾಂತ ಬಿದ್ದುಹೋದ ಮೇಲೂ ಹಾಡು ನಿಂತಿರುವುದು ಯಾವ ಬಲದಿಂದ? ತಾಳ ನೋವನ್ನು ಸಹಿಸಲು ಕಲಿಸುತ್ತದೆಯೋ, ಅದುಮಿಡಲು ಕಲಿಸುತ್ತದೆಯೋ? ತಾಳದ ಪರ ಇಷ್ಟು ಹೊತ್ತು ವಾದಿಸಿದ ನಾನು ಆ ಮಗುವಿನ ಪಕ್ಷದಲ್ಲಿದ್ದೇನೆಯೇ, ಅದನ್ನು ಸುಮ್ಮನಿರು ಎಂದು ಗದರಿಸಿದವರ ಪಕ್ಷದಲ್ಲಿದ್ದೇನೆಯೇ?