ವೇಗದ ಕಾರಿಗೆ ತಕ್ಕ ಪ್ಲಗ್ಗು

ಮೋಟಾರು ಕಾರನ್ನು ಕಾರ್ಖಾನೆಯವರು ಕೊಟ್ಟಂತೆಯೇ ಓಡಿಸಿ ತೃಪ್ತರಾಗುವವರು ಬಹುಮಂದಿ. ಆದರೆ ಎಂಜಿನ್ನನ್ನು ಬಿಚ್ಚಿ, ತಿದ್ದಿ, ಅದರಿಂದ ಇನ್ನಷ್ಟು ಬಲವನ್ನು ಪಡೆಯಬೇಕೆಂಬ ಹಂಬಲವುಳ್ಳವರೂ ಇದ್ದಾರೆ. ನಿಮ್ಮ ಮನೆಯಲ್ಲಿಯೇ ಅಂಥ ಮಗನೋ ಮೈದುನನೋ ಇದ್ದಾನು. ಸಿಲಿಂಡರಿನೊಳಗಿನ ಒತ್ತಡವನ್ನು ಏರಿಸುವುದು, ಟರ್ಬೋಚಾರ್ಜರನ್ನು ಕೂಡಿಸಿ ಹೆಚ್ಚು ಗಾಳಿಯನ್ನು ತುಂಬುವುದು, ಕ್ಯಾಮ್ ದಂಡವನ್ನು ಬದಲಾಯಿಸುವುದು - ಇವಕ್ಕೆಲ್ಲ ಲಕ್ಷಗಟ್ಟಲೆ ರೂಪಾಯಿ ಸುರಿದವರು, ಕೆಲವು ನೂರು ರೂಪಾಯಿಗಳ ಒಂದು ಸಾಮಾನಿನ ವಿಷಯದಲ್ಲಿ ಅಲಕ್ಷ್ಯ ಮಾಡಿ, ಎಂಜಿನ್ನನ್ನೇ ಕಳೆದುಕೊಳ್ಳುವುದುಂಟು. ಆ ಸಾಮಾನೇ ಸ್ಪಾರ್ಕ್ ಪ್ಲಗ್ಗು. ಬಲ ಹೆಚ್ಚಿಸಿದ ಕಾರಿಗೆ ಎಂಥ ಪ್ಲಗ್ಗನ್ನು ಆರಿಸಬೇಕು ಎಂಬುದನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಪ್ಲಗ್ಗಿನ ಕೆಲಸ ಕಿಡಿ ಹಾರಿಸುವುದು ಎಂಬುದನ್ನು ಎಲ್ಲರೂ ಬಲ್ಲರು. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ರಾಬರ್ಟ್ ಬಾಷ್ ಅವರ ಬಳಿ ಕೆಲಸಕ್ಕಿದ್ದ ಗಾಟ್ಲೋಬ್ ಹೊನೋಲ್ಡ್ ಅವರು, ಅಧಿಕ ವೋಲ್ಟೇಜಿನ ಮ್ಯಾಗ್ನೆಟೊವನ್ನೂ ಅದಕ್ಕೆ ಹೊಂದುವ ಪ್ಲಗ್ಗನ್ನೂ ರೂಪಿಸಿದರು. ಅದಕ್ಕೆ ಹಕ್ಕುಪತ್ರ ದೊರೆತದ್ದು 1902ರಲ್ಲಿ. ಅಂದಿನಿಂದ ಪ್ಲಗ್ಗಿನ ಮೂಲ ರೂಪ ಹೆಚ್ಚೇನೂ ಬದಲಾಗಿಲ್ಲ: ನಡುವೆ ಲೋಹದ ಕಡ್ಡಿ, ಅದರ ಸುತ್ತ ಪಿಂಗಾಣಿ, ಹೊರಗೆ ಮರೆಯುಳ್ಳ ಉಕ್ಕಿನ ಕವಚ. ಆದರೆ ಕಿಡಿ ಹಾರಿಸುವುದರ ಜೊತೆಗೆ ಪ್ಲಗ್ಗಿಗೆ ಇನ್ನೊಂದು ಕೆಲಸವಿದೆ. ಬೆಂಕಿಯ ನಡುವೆ ಚಾಚಿಕೊಂಡಿರುವ ತನ್ನ ಮೂತಿ ಹೀರಿದ ಶಾಖವನ್ನು ಅದು ಹೊರಕ್ಕೆ ಸಾಗಿಸಬೇಕು. ಶಾಖವು ಪಿಂಗಾಣಿಯಿಂದ ಕವಚಕ್ಕೆ, ಕವಚದಿಂದ ಸಿಲಿಂಡರಿನ ತಲೆಗೆ, ಅಲ್ಲಿಂದ ತಂಪುನೀರಿಗೆ ಹರಿದುಹೋಗುತ್ತದೆ.

ಈ ಹರಿವು ಎಷ್ಟು ಬೇಗ ನಡೆಯುತ್ತದೆ ಎಂಬುದೇ ಪ್ಲಗ್ಗಿನ ಕಾವಿನ ದರ್ಜೆ. ಗ್ಯಾರೇಜಿನವರು ಇದನ್ನು ಹೀಟ್ ರೇಂಜ್ ಎನ್ನುತ್ತಾರೆ. ಮೂತಿಯ ಪಿಂಗಾಣಿ ಉದ್ದವಾಗಿದ್ದರೆ ಶಾಖ ದೂರ ನಡೆಯಬೇಕು. ತುದಿ ಬಿಸಿಯಾಗಿಯೇ ಉಳಿಯುತ್ತದೆ. ಅದು ಬಿಸಿ ಪ್ಲಗ್ಗು. ಪಿಂಗಾಣಿ ಗಿಡ್ಡವಾಗಿದ್ದರೆ ಶಾಖ ಬೇಗ ಇಳಿದುಹೋಗುತ್ತದೆ. ಅದು ತಣ್ಣನೆಯ ಪ್ಲಗ್ಗು. ಬಿಸಿ ಪ್ಲಗ್ಗಿನ ಕಿಡಿಗೆ ಹೆಚ್ಚು ಬಿಸಿಯಿದೆ, ತಣ್ಣನೆಯದರ ಕಿಡಿ ಸಪ್ಪೆ ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು ತಿಳಿವಳಿಕೆ. ಕಿಡಿಗೂ ಈ ದರ್ಜೆಗೂ ಸಂಬಂಧವಿಲ್ಲ.

ದೋಸೆ ಹುಯ್ಯುವ ಗೃಹಿಣಿಗೆ ಈ ತತ್ತ್ವವನ್ನು ಹೇಳಿಕೊಡಬೇಕಾಗಿಲ್ಲ. ಕಾವಲಿ ಕಾಯದಿದ್ದರೆ ಹಿಟ್ಟು ಅಂಟುತ್ತದೆ. ಮಿತಿಮೀರಿ ಕಾದರೆ ಸೀಯುತ್ತದೆ. ಪ್ಲಗ್ಗಿನ ತುದಿಗೂ ಇಂಥದೇ ಎಲ್ಲೆಗಳಿವೆ. ಅದು ಸುಮಾರು 450ರಿಂದ 500 ಡಿಗ್ರಿ ಸೆಂಟಿಗ್ರೇಡಿಗೆ ಏರಿದರೆ ಮಾತ್ರ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳಬಲ್ಲುದು. ಅದಕ್ಕಿಂತ ತಣ್ಣಗಿದ್ದರೆ ಮಸಿ ಕಟ್ಟುತ್ತದೆ, ವಿದ್ಯುತ್ತು ಕಿಡಿಯಾಗಿ ಹಾರದೆ ಮಸಿಯ ಮೂಲಕ ಸೋರಿಹೋಗುತ್ತದೆ, ಎಂಜಿನ್ನು ಕೆಮ್ಮುತ್ತದೆ. ಇತ್ತ 800, 850 ಡಿಗ್ರಿ ದಾಟಿತೆಂದರೆ ತುದಿ ಕೆಂಡದಂತಾಗಿ, ಕಿಡಿ ಹಾರುವ ಮೊದಲೇ ಪೆಟ್ರೋಲಿನ ಆವಿಗೆ ಬೆಂಕಿ ಹತ್ತಿಸುತ್ತದೆ.

ಈ ಅಕಾಲದ ಬೆಂಕಿಯೇ ನಿಜವಾದ ಅಪಾಯ. ಪಿಸ್ಟನ್ನು ಇನ್ನೂ ಮೇಲೇರುತ್ತಿರುವಾಗಲೇ ಉರಿಯುವ ಅನಿಲ ಅದನ್ನು ಎದುರಿಗೆ ಒತ್ತುತ್ತದೆ. ಶಾಖ ಇನ್ನಷ್ಟು ಏರುತ್ತದೆ; ಮುಂದಿನ ಸಲ ಬೆಂಕಿ ಇನ್ನೂ ಮುಂಚೆ ಹತ್ತುತ್ತದೆ. ಪಿಸ್ಟನ್ನು ಅಲ್ಯೂಮಿನಿಯಮಿನದು, ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಸಿಲಿಂಡರಿನೊಳಗಿನ ಜ್ವಾಲೆಯಾದರೋ 2000 ಡಿಗ್ರಿಗೂ ಮೇಲ್ಪಟ್ಟದ್ದು. ಕೆಲವೇ ಕ್ಷಣಗಳಲ್ಲಿ ಪಿಸ್ಟನ್ನಿನ ನೆತ್ತಿಯಲ್ಲಿ ತೂತು ಬಿದ್ದೀತು. ಲಾರಿಯೊಂದನ್ನು ಹಿಂದೆ ಹಾಕುತ್ತಿರುವ ಗಳಿಗೆಯಲ್ಲಿಯೇ ಹೀಗಾದರೆ ನಷ್ಟ ಬರಿಯ ಹಣದ್ದಲ್ಲ.

ಹಾಗಾದರೆ ಆಯ್ಕೆ ಹೇಗೆ? ಕಾರ್ಖಾನೆಯವರು ಸೂಚಿಸಿದ ಪ್ಲಗ್ಗಿನಿಂದಲೇ ಹೊರಡಬೇಕು. ಏರ್ ಫಿಲ್ಟರನ್ನು ಬದಲಾಯಿಸಿದ್ದು, ಸೈಲೆನ್ಸರನ್ನು ಸಡಿಲಗೊಳಿಸಿದ್ದು ಮಾತ್ರವಾದರೆ, ಸಾಮಾನ್ಯವಾಗಿ ಪ್ಲಗ್ಗನ್ನು ಮುಟ್ಟಬೇಕಾಗಿಲ್ಲ. ಒತ್ತಡದ ಪ್ರಮಾಣವನ್ನು ಏರಿಸಿ, ಬಹಳ ಹೊತ್ತು ಪೂರ್ಣ ವೇಗದಲ್ಲಿ ಓಡಿಸುವುದಾದರೆ, ಒಂದು ಮೆಟ್ಟಿಲು ತಣ್ಣನೆಯದು ಬೇಕಾದೀತು. ಟರ್ಬೋಚಾರ್ಜರ್ ಕೂಡಿಸಿದರೆ ಒಂದು ಮೆಟ್ಟಿಲಾದರೂ ಇಳಿಯುವುದು ಲೇಸು. ಒಂದು ಮೆಟ್ಟಿಲೆಂದರೆ ತುದಿಯ ಕಾವಿನಲ್ಲಿ ಸುಮಾರು 70ರಿಂದ 100 ಡಿಗ್ರಿಗಳ ವ್ಯತ್ಯಾಸ. ಹೆಚ್ಚಿಸಿದ ಪ್ರತಿ 75ರಿಂದ 100 ಅಶ್ವಶಕ್ತಿಗೆ ಒಂದು ಮೆಟ್ಟಿಲು ಎಂಬ ಸ್ಥೂಲ ಲೆಕ್ಕವೊಂದು ಬಳಕೆಯಲ್ಲಿದೆ. ಆದರೆ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ನಿಗೆ 75 ಅಶ್ವಶಕ್ತಿ ಕೂಡಿಸಿದರೆ ಆ ಹೊರೆ ಎಂಟು ಕಡೆ ಹಂಚಿಹೋಗುತ್ತದೆ. ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾದ 1200, 1300 ಸಿ.ಸಿ. ಎಂಜಿನ್ನಿನಲ್ಲಿ ಅಷ್ಟನ್ನೂ ನಾಲ್ಕೇ ಚಿಕ್ಕ ಸಿಲಿಂಡರುಗಳು ಹೊರಬೇಕು. ಆದ್ದರಿಂದ ಚಿಕ್ಕ ಎಂಜಿನ್ನಿನವರು ಆ ಲೆಕ್ಕವನ್ನು ನಂಬಿ ಕೈಕಟ್ಟಿ ಕೂಡಬಾರದು. ಇನ್ನೂ ಮುಂಚೆಯೇ ಮೆಟ್ಟಿಲಿಳಿದು ಪರೀಕ್ಷಿಸಬೇಕು.

ಇಲ್ಲೊಂದು ದೊಡ್ಡ ತೊಡಕಿದೆ: ಸಂಖ್ಯೆಗಳದು. ಜಪಾನಿನ ಎನ್.ಜಿ.ಕೆ. ಮತ್ತು ಡೆನ್ಸೊ ಪ್ಲಗ್ಗುಗಳಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ಗು ತಣ್ಣಗೆ. ಬಾಷ್ ಮತ್ತು ಚಾಂಪಿಯನ್ ಪ್ಲಗ್ಗುಗಳಲ್ಲಿ ಇದು ತಲೆಕೆಳಗು. ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ಗು ಬಿಸಿ. ಎನ್.ಜಿ.ಕೆ.ಯ 6, ಡೆನ್ಸೊದ 20, ಬಾಷ್‌ನ 7 - ಇವು ಹೆಚ್ಚುಕಡಮೆ ಒಂದೇ ದರ್ಜೆಯವು. ಇವಕ್ಕಿಂತ ತಣ್ಣನೆಯದು ಬೇಕೆಂದರೆ ಎನ್.ಜಿ.ಕೆ.ಯಲ್ಲಿ 7ಕ್ಕೂ ಡೆನ್ಸೊದಲ್ಲಿ 22ಕ್ಕೂ ಏರಬೇಕು. ಬಾಷ್‌ನಲ್ಲಿ 6ಕ್ಕೋ 5ಕ್ಕೋ ಇಳಿಯಬೇಕು. ಸಾಲದುದಕ್ಕೆ ಬಾಷ್‌ನ ಹಳೆಯ ಪ್ಲಗ್ಗುಗಳಲ್ಲಿ 145, 175, 225 ಎಂಬಂಥ ಅಂಕಿಗಳಿದ್ದು, ಅಲ್ಲಿ ದೊಡ್ಡ ಸಂಖ್ಯೆಯೇ ತಣ್ಣನೆಯದು. 1951ರಲ್ಲಿ ಸ್ಥಾಪನೆಯಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಹೂಡಿ, ನಮ್ಮ ಜನಕ್ಕೆ ಪ್ಲಗ್ಗೆಂದರೆ ಮೈಕೋ ಎನ್ನುವಷ್ಟು ಪರಿಚಿತವಾದ ಸಂಸ್ಥೆ 2008ರಲ್ಲಿ ಬಾಷ್ ಎಂಬ ಹೆಸರನ್ನೇ ಇಟ್ಟುಕೊಂಡಿತು. ಆದ್ದರಿಂದ ಹಳೆಯ ಡಬ್ಬಿಯ ಅಂಕಿಯನ್ನೂ ಹೊಸದರ ಅಂಕಿಯನ್ನೂ ಒಂದೇ ಲೆಕ್ಕದಲ್ಲಿ ಓದುವವರು ಎಚ್ಚರದಿಂದಿರಬೇಕು. ಒಂದು ಕಂಪೆನಿಯ ರೂಢಿಯನ್ನು ಇನ್ನೊಂದಕ್ಕೆ ಹಚ್ಚಿದರೆ, ತಣ್ಣನೆಯದೆಂದು ನಂಬಿ ಬಿಸಿಯದನ್ನು ಹಾಕಿದಂತಾಗುತ್ತದೆ. ಸಂಖ್ಯೆಯ ಜೊತೆಗೆ ಮರೆಯ ದಪ್ಪ, ಉದ್ದಗಳನ್ನೂ ನೋಡಬೇಕು. ಮರೆ ಅಳತೆಗಿಂತ ಉದ್ದವಾದರೆ ಪಿಸ್ಟನ್ನು ಬಂದು ಪ್ಲಗ್ಗಿಗೆ ಬಡಿದೀತು.

ಆರಿಸಿದ್ದು ಸರಿಯೋ ಎಂಬುದನ್ನು ಪ್ಲಗ್ಗೇ ಹೇಳುತ್ತದೆ. ಹೊಸ ಪ್ಲಗ್ಗುಗಳನ್ನು ಹಾಕಿ, ಎಂಜಿನ್ನನ್ನು ಪೂರ್ಣ ಹೊರೆಯಲ್ಲಿ ಓಡಿಸಿ, ಒಡನೆಯೇ ನಿಲ್ಲಿಸಿ, ತಣಿದ ಮೇಲೆ ಬಿಚ್ಚಿ ನೋಡಿ. ಪಿಂಗಾಣಿ ತೆಳುಗಂದು ಅಥವಾ ಬೂದು ಬಣ್ಣದ್ದಾಗಿದ್ದರೆ ಕ್ಷೇಮ. ಒಣ ಮಸಿಯಿಂದ ಕಪ್ಪಾಗಿದ್ದರೆ ಪ್ಲಗ್ಗು ಅತಿ ತಣ್ಣಗಿದೆ, ಇಲ್ಲವೆ ಪೆಟ್ರೋಲು ಹೆಚ್ಚಾಗಿದೆ. ಸುಣ್ಣದಂತೆ ಬಿಳಿಚಿ, ಗುಳ್ಳೆಯೆದ್ದು, ಅಲ್ಯೂಮಿನಿಯಮಿನ ಸಣ್ಣ ಮಣಿಗಳು ಅಂಟಿದ್ದರೆ ಕೂಡಲೇ ನಿಲ್ಲಿಸಿ, ಪಿಸ್ಟನ್ನು ಕರಗತೊಡಗಿದೆ. ಈ ಪರೀಕ್ಷೆಯನ್ನು ಊರ ರಸ್ತೆಯಲ್ಲಿ ಮಾಡಲಾಗದು. ಅದಕ್ಕೆ ಮದರಾಸಿನ ಬಳಿ, ಕೊಯಮತ್ತೂರಿನ ಬಳಿ ಇರುವಂಥ ಪಂದ್ಯದ ಪಥಗಳೇ ತಕ್ಕ ಸ್ಥಳ. ಕಾರ್ಖಾನೆಯ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಲು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿ ಅಡ್ಡಬರುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ ಎಂಬುದನ್ನು ಮರೆಯಬಾರದು.

ವಾರವೆಲ್ಲ ಪಂದ್ಯದ ಪ್ಲಗ್ಗಿನಲ್ಲಿಯೇ ಎಂಜಿನ್ನನ್ನು ನಿಧಾನವಾಗಿ ಓಡಿಸಿದರೆ ಮಸಿ ಕಟ್ಟುವುದು ನಿಶ್ಚಯ. 1930ರ ದಶಕದ ಯೂರೋಪಿನ ಗ್ರಾಂ ಪ್ರಿ ಪಂದ್ಯಗಳಲ್ಲಿ ಯಂತ್ರಕಾರರು ಬಿಸಿ ಪ್ಲಗ್ಗುಗಳನ್ನು ಹಾಕಿ ಎಂಜಿನ್ನನ್ನು ಕಾಯಿಸಿ, ಪಂದ್ಯ ಹೊರಡುವ ಮುನ್ನ ಅವನ್ನು ತೆಗೆದು ತಣ್ಣನೆಯವನ್ನು ಹಾಕುತ್ತಿದ್ದರು. ಇಂದಿಗೂ ಎರಡು ಜೊತೆ ಪ್ಲಗ್ಗುಗಳನ್ನು ಇಟ್ಟುಕೊಳ್ಳುವುದು ಜಾಣತನವೇ. ಎರಡು ದರ್ಜೆಗಳ ನಡುವೆ ಸಂದೇಹ ಬಂದರೆ ತಣ್ಣನೆಯದನ್ನೇ ಆರಿಸಿ. ಅದು ತಪ್ಪಾದರೆ ಪ್ಲಗ್ಗು ಮಸಿಯಾಗುತ್ತದೆ. ಬಿಸಿಯದು ತಪ್ಪಾದರೆ ಪಿಸ್ಟನ್ನು ತೂತಾಗುತ್ತದೆ.

ಕೂರಿಸುವಾಗಲೂ ಜಾಗ್ರತೆ ಬೇಕು. ವಾಷರಿರುವ 14 ಮಿಲಿಮೀಟರಿನ ಹೊಸ ಪ್ಲಗ್ಗನ್ನು ಕೈಯಿಂದ ಪೂರ್ತಿ ತಿರುಗಿಸಿ, ಆಮೇಲೆ ಪಾನದಿಂದ ಅರ್ಧ ಸುತ್ತು, ಹೆಚ್ಚೆಂದರೆ ಮೂರರಲ್ಲೆರಡು ಸುತ್ತು ಬಿಗಿಯಬೇಕು. ಸಡಿಲವಾಗಿ ಕೂತ ಪ್ಲಗ್ಗಿನಿಂದ ಶಾಖ ಇಳಿಯದು. ಆಗ ತಣ್ಣನೆಯ ಪ್ಲಗ್ಗೂ ಕೆಂಡವಾಗುತ್ತದೆ. ಟರ್ಬೋ ಇರುವ ಎಂಜಿನ್ನಿನಲ್ಲಿ ಒತ್ತಿದ ಗಾಳಿಯ ನಡುವೆ ಕಿಡಿ ಹಾರುವುದು ಕಷ್ಟ. ಆದ್ದರಿಂದ ತುದಿಗಳ ನಡುವಣ ಅಂತರವನ್ನು ತುಸು ಕಿರಿದುಮಾಡಬೇಕು.

ಕೊನೆಯದಾಗಿ ಒಂದು ಮಾತು. ಪೆಟ್ರೋಲು ಕಡಮೆಯಾಗಿ, ಅಥವಾ ಕಿಡಿಯ ಕಾಲ ತೀರ ಮುಂದಾಗಿ ಎಂಜಿನ್ನು ಟಕಟಕ ಬಡಿಯುತ್ತಿದ್ದರೆ ತಣ್ಣನೆಯ ಪ್ಲಗ್ಗು ಅದಕ್ಕೆ ಮದ್ದಲ್ಲ. ಅದು ನೋವನ್ನು ಮರೆಸಿ ರೋಗವನ್ನು ಬೆಳೆಯಗೊಡುತ್ತದೆ. ಮೊದಲು ಇಂಧನವನ್ನೂ ಕಿಡಿಯ ಕಾಲವನ್ನೂ ಸರಿಪಡಿಸಿ. ಪ್ಲಗ್ಗಿನ ಆಯ್ಕೆ ಎಲ್ಲಕ್ಕಿಂತ ಕೊನೆಗಿರಲಿ, ಒಂದೊಂದೇ ಮೆಟ್ಟಿಲಾಗಿರಲಿ. ಎಂಜಿನ್ನಿಗೆ ಬಲ ತುಂಬುವ ಉತ್ಸಾಹವುಳ್ಳವರು, ಆ ಬಲದ ಜೊತೆಗೇ ಹುಟ್ಟುವ ಬೆಂಕಿಗೆ ಹೊರಗೆ ಹೋಗಲು ದಾರಿಯನ್ನೂ ಮಾಡಿಕೊಡಬೇಕು.