ತಪ್ಪು ಬದನೆಕಾಯಿಯದಲ್ಲ



ನಾನು ಬಿ.ಇ. ಓದಿದವನು, ವೈದ್ಯನಲ್ಲ. ಆದರೂ ಇಂದು ನೋವಿನ ಮಾತ್ರೆಯ ಬಗ್ಗೆ ಮಾತಾಡುತ್ತೇನೆ. ಏಕೆಂದರೆ ಆ ಕಥೆ ಶುರುವಾದದ್ದು ಇದೇ ಮೈದಾನದಲ್ಲಿ.

ಒಂಬತ್ತನೇ ತರಗತಿಯಲ್ಲಿ ಕಬಡ್ಡಿ ಆಡುವಾಗ ಕಾಲು ಉಳುಕಿತು. ಅಂಗಡಿಯಿಂದ ಮಾತ್ರೆ ತಂದು ನುಂಗಿದೆ. ಸಂಜೆಗೆ ಮೈತುಂಬ ಗಂಧೆ, ತಡೆಯಲಾಗದ ತುರಿಕೆ. ಮಧ್ಯಾಹ್ನ ಬದನೆಕಾಯಿ ಪಲ್ಯ ತಿಂದಿದ್ದೆ. "ಬದನೆಕಾಯಿ ನಂಜು, ಪಿತ್ತ ಎದ್ದಿದೆ" ಎಂದರು ಅಮ್ಮ. ಅಂದಿನಿಂದ ನಮ್ಮ ಮನೆಯಲ್ಲಿ ನನಗೆ ಬದನೆಕಾಯಿ ಬಂದ್. ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಇಂಜಿನಿಯರಿಂಗ್ ಓದುವಾಗ ಬೆನ್ನುನೋವಿಗೆ ಡೈಕ್ಲೋಫೆನಾಕ್ ನುಂಗಿದೆ. ಕಣ್ಣಿನ ರೆಪ್ಪೆ ಊದಿಕೊಂಡಿತು. ಹಾಸ್ಟೆಲ್‌ನಲ್ಲಿ ಏನೋ ಹುಳ ಕಚ್ಚಿರಬೇಕು ಎಂದುಕೊಂಡೆ.

ಮೂರನೇ ಸಲ, ಬೆಂಗಳೂರಿನಲ್ಲಿ, ಹಲ್ಲುನೋವಿಗೆ ಐಬುಪ್ರೊಫೆನ್ ತೆಗೆದುಕೊಂಡೆ. ಒಂದು ಗಂಟೆಯೊಳಗೆ ತುಟಿ ಊದಿ, ಗಂಟಲು ಬಿಗಿದು, ಉಸಿರಾಡುವುದೇ ಕಷ್ಟವಾಯಿತು. ರೂಮಿನ ಗೆಳೆಯ ಆಸ್ಪತ್ರೆಗೆ ಕರೆದೊಯ್ದ. ಬರುವಾಗ ಮಾತ್ರೆಯ ಖಾಲಿ ಪಟ್ಟಿಯನ್ನೂ ಜೇಬಿಗೆ ಹಾಕಿಕೊಂಡಿದ್ದ. ಅದನ್ನು ನೋಡಿಯೇ ವೈದ್ಯರು, "ಹಿಂದೆ ಯಾವಾಗಲಾದರೂ ಹೀಗಾಗಿತ್ತೇ?" ಎಂದು ಕೇಳಿದ್ದು. ಆಗ ಕಬಡ್ಡಿ, ಹಾಸ್ಟೆಲ್ ಎಲ್ಲವೂ ನೆನಪಾದವು.

ಅವರು ವಿವರಿಸಿದ್ದು ಇಷ್ಟು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಹೆಸರು ಬೇರೆಯಾದರೂ ಕೆಲಸ ಒಂದೇ. ನೋವು ಬಾವು ತರುವ ಪ್ರೋಸ್ಟಾಗ್ಲಾಂಡಿನ್ ತಯಾರಾಗದಂತೆ ಇವು ಕಾಕ್ಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಇದನ್ನು 1971ರಲ್ಲಿ ತೋರಿಸಿದ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು. ಆದರೆ ಕೆಲವರ ದೇಹದಲ್ಲಿ ಆ ದಾರಿ ಮುಚ್ಚಿದಾಗ ಲ್ಯೂಕೋಟ್ರಯೀನ್ ಎಂಬ ವಸ್ತುಗಳು ಹೆಚ್ಚಿ ಗಂಧೆ, ಊತ ಬರುತ್ತವೆ. ಅಂಥವರಿಗೆ ಒಂದು ಮಾತ್ರೆ ಆಗದಿದ್ದರೆ ಅದೇ ಗುಂಪಿನ ಇನ್ನೊಂದೂ ಆಗದಿರಬಹುದು. ಇನ್ನು ಕೆಲವರಿಗೆ ಒಂದೇ ಒಂದು ಔಷಧ ಮಾತ್ರ ಒಗ್ಗುವುದಿಲ್ಲ. ಕೆಲವರಿಗೆ ಪ್ರತಿ ಸಲವೂ ಮೈಮೇಲೆ ಅದೇ ಜಾಗದಲ್ಲಿ ಕಪ್ಪು ಕಲೆ ಏಳುತ್ತದೆ. ಯಾವುದು ಸುರಕ್ಷಿತ ಎಂದು ವೈದ್ಯರೇ ನಿರ್ಧರಿಸಬೇಕು, ಮನೆಯಲ್ಲಿ ಪರೀಕ್ಷೆ ಮಾಡಬಾರದು.

ಹೆಣ್ಣುಮಕ್ಕಳೇ, ಮುಟ್ಟಿನ ನೋವಿಗೆ ಅನೇಕರು ನುಂಗುವ ಮೆಫೆನಾಮಿಕ್ ಆಸಿಡ್ ಕೂಡ ಇದೇ ಗುಂಪಿನದು. ಅದರಿಂದ ಅಪರೂಪಕ್ಕೆ ಜ್ವರ, ಮೈಮೇಲೆ ದದ್ದು, ಒಳ ಅಂಗಗಳಿಗೂ ತೊಂದರೆ ಆಗಬಹುದೆಂದು ಭಾರತೀಯ ಫಾರ್ಮಾಕೋಪಿಯಾ ಆಯೋಗ 2023ರಲ್ಲಿ ಎಚ್ಚರಿಸಿದೆ. ಹೆದರಬೇಡಿ, ಗಮನವಿರಲಿ.

ನನ್ನ ಕೋರಿಕೆ ಮೂರು. ಮಾತ್ರೆಯ ಪಟ್ಟಿಯ ಮೇಲಿನ ದೊಡ್ಡ ಹೆಸರಲ್ಲ, ಒಳಗಿರುವ ಔಷಧದ ಸಣ್ಣ ಹೆಸರನ್ನು ಓದಿ. ಆಗದ ಔಷಧದ ಹೆಸರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ, ವೈದ್ಯರಿಗೂ ಔಷಧ ಅಂಗಡಿಯವರಿಗೂ ತೋರಿಸಿ. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ಚರ್ಮ ಗುಳ್ಳೆ ಎದ್ದು ಸುಲಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.

ಪ್ರಯೋಗದಲ್ಲಿ ಕಂಡದ್ದನ್ನು ಅಂದೇ ಬರೆದಿಡಬೇಕು ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಇದೇ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ರೆಕಾರ್ಡ್ ಪುಸ್ತಕದಲ್ಲಿ ಬರೆದೆ, ನನ್ನ ಮೈಯ ವಿಷಯದಲ್ಲಿ ಮರೆತೆ. ಈಗ ಆ ಚೀಟಿ ನನ್ನ ಜೇಬಿನಲ್ಲಿದೆ. ಅಮ್ಮ ಮತ್ತೆ ಬದನೆಕಾಯಿ ಪಲ್ಯ ಬಡಿಸುತ್ತಿದ್ದಾರೆ.