ಕಡತದ ಮೇಲಿನ ದಿನಾಂಕ ಏನು ಹೇಳುತ್ತದೆ?



ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ. ಚಿತ್ರದ ಜೊತೆಗೆ ಅದರ ಕಾಲವೂ ಉಳಿದುಬಂದಿರುವುದರಿಂದಲೇ ಅದು ಇತಿಹಾಸಕ್ಕೆ ಸಾಕ್ಷಿಯಾಗಿದೆ.

ಈಗ ಇಂತಹ ಸಾಕ್ಷ್ಯವನ್ನು ನೀವೇ ಸಂಗ್ರಹಿಸಬಲ್ಲಿರಿ. ಹಂಪಿಯ ಮಂಟಪಗಳು, ಸಂಡೂರಿನ ಕುಮಾರಸ್ವಾಮಿ ದೇವಾಲಯ, ಕಂಪ್ಲಿಯ ಕೋಟೆ, ಹೊಸಪೇಟೆಯ ಅಣೆಕಟ್ಟು – ಇವುಗಳ ನೂರಾರು ಚಿತ್ರಗಳು ನಿಮ್ಮ ಕಾಲೇಜಿನ ಗಣಕದಲ್ಲಿವೆ ಎಂದುಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ನಿಮ್ಮಲ್ಲಿರುವ ಅಣೆಕಟ್ಟಿನ ಚಿತ್ರಗಳಲ್ಲಿ ಅದಕ್ಕೆ ಮೊದಲಿನವು ಯಾವುವು, ನಂತರದವು ಯಾವುವು? ಒಂದೊಂದನ್ನೇ ತೆರೆದು ನೋಡುತ್ತಾ ಕುಳಿತರೆ ದಿನವೇ ಕಳೆದೀತು.

ಹೊಲಕ್ಕೆ ಕಾಲಿಡದೆಯೇ ಪಹಣಿ ನೋಡಿ ಅದರ ವಿಸ್ತೀರ್ಣ ತಿಳಿಯಬಹುದಲ್ಲವೇ? ಗಣಕದ ಫೈಲ್ ಸಿಸ್ಟಂ, ಅಂದರೆ ಕಡತ ವ್ಯವಸ್ಥೆಯೂ, ಪ್ರತಿ ಕಡತಕ್ಕೆ ಇಂತಹದೇ ದಾಖಲೆ ಇಡುತ್ತದೆ: ಹೆಸರು, ಗಾತ್ರ, ಕೊನೆಯ ಬಾರಿ ಬದಲಾದ ವೇಳೆ, ಓದುವ ಮತ್ತು ತಿದ್ದುವ ಅಧಿಕಾರ ಯಾರಿಗಿದೆ ಎಂಬುದು. ಈ ದಾಖಲೆಯನ್ನು ಓದಲು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಲೈಬ್ರರಿಗಳಿವೆ. ಲೈಬ್ರರಿ ಎಂದರೆ ಇಲ್ಲಿ ಗ್ರಂಥಾಲಯವಲ್ಲ. ಇತರರು ಬರೆದು, ಪರೀಕ್ಷಿಸಿ, ನಮ್ಮ ಬಳಕೆಗೆ ಇಟ್ಟಿರುವ ಪ್ರೋಗ್ರಾಂಗಳ ಸಂಗ್ರಹ. ಪೈಥಾನ್ ಭಾಷೆಯಲ್ಲಿ 2014ರಿಂದ ‘ಪಾಥ್‌ಲಿಬ್’ ಎಂಬ ಲೈಬ್ರರಿ ಇದೆ. ಅದರ ‘ಆರ್‌ಗ್ಲಾಬ್’ ಆಜ್ಞೆ ಒಳಗಿನ ಎಲ್ಲ ಕೋಶಗಳನ್ನೂ ಸುತ್ತಿ ಕಡತಗಳನ್ನು ಹುಡುಕಿಕೊಡುತ್ತದೆ. ‘ಸ್ಟ್ಯಾಟ್’ ಆಜ್ಞೆ ಒಂದು ಕಡತದ ದಾಖಲೆಯನ್ನು ಮುಂದಿಡುತ್ತದೆ. ಗಾತ್ರ ಬೈಟುಗಳಲ್ಲಿ ಬರುತ್ತದೆ. ವೇಳೆಯು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಲೆಕ್ಕದಲ್ಲಿ ಬರುತ್ತದೆ. ಅದನ್ನು ದಿನಾಂಕವಾಗಿ ಪರಿವರ್ತಿಸುವಾಗ ಭಾರತೀಯ ಕಾಲಮಾನದ ಐದೂವರೆ ಗಂಟೆ ಸೇರಿಸಲು ಮರೆತರೆ, 11ರ ಬೆಳಗಿನ ಜಾವ 5 ಗಂಟೆಯ ಚಿತ್ರ 10ರ ರಾತ್ರಿಯದಾಗಿ ಕಾಣುತ್ತದೆ!

ಇಲ್ಲೊಂದು ಮುಖ್ಯ ಎಚ್ಚರಿಕೆ. ಆ ವೇಳೆ ಕಡತ ಬದಲಾದದ್ದೇ ಹೊರತು ಚಿತ್ರ ತೆಗೆದದ್ದಲ್ಲ. ಚಿತ್ರದ ಅಂಚನ್ನು ಕತ್ತರಿಸಿ ಉಳಿಸಿದರೂ ಅದು ಹೊಸದಾಗುತ್ತದೆ. ಪೈಥಾನ್‌ನ ‘ಶಟಿಲ್’ ಲೈಬ್ರರಿಯಲ್ಲಿ ‘ಕಾಪಿ’ ಆಜ್ಞೆಯಿಂದ ಪ್ರತಿ ಮಾಡಿದರೆ ಹಳೆಯ ವೇಳೆ ಉಳಿಯುವುದಿಲ್ಲ; ‘ಕಾಪಿ2’ ಬಳಸಿದರೆ ಅದನ್ನು ಉಳಿಸಲು ಪ್ರಯತ್ನಿಸುತ್ತದೆ. ಕ್ಯಾಮೆರಾ ಬರೆದ ವೇಳೆ ಚಿತ್ರದ ಒಳಗೇ ‘ಎಕ್ಸಿಫ್’ ಎಂಬ ಭಾಗದಲ್ಲಿರುತ್ತದೆ. ಅದನ್ನು ಓದಲು ‘ಪಿಲ್ಲೋ’ ಎಂಬ ಬೇರೆ ಲೈಬ್ರರಿ ಬೇಕು. ಸಂದೇಶದ ಆ್ಯಪ್‌ಗಳ ಮೂಲಕ ಕಳಿಸಿದಾಗ ಈ ಭಾಗ ಅಳಿಸಿಹೋಗುವುದುಂಟು. ಆದ್ದರಿಂದ ಮೂಲ ಕಡತವನ್ನೇ ಜೋಪಾನ ಮಾಡಿ.

ಹೆಸರಿನಲ್ಲೂ ಒಂದು ತೊಡಕಿದೆ. ಯೂನಿಕೋಡ್‌ನಲ್ಲಿ ‘ಹೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎರಡಾಗಿ ಬಿಡಿಸಿಯೂ ಬರೆಯಬಹುದು. ‘ಪೇ’ ಅಕ್ಷರದ ಏತ್ವವೂ ಹಾಗೆಯೇ. ಹೀಗಾಗಿ ‘ಹೊಸಪೇಟೆ’ ಒಂದು ಕಡೆ 7 ಸಂಕೇತ, ಇನ್ನೊಂದು ಕಡೆ 9. ಕಣ್ಣಿಗೆ ಎರಡೂ ಒಂದೇ. ಹೋಲಿಸುವ ಪ್ರೋಗ್ರಾಂಗೆ ಬೇರೆ ಬೇರೆ. ಇದ್ದ ಕಡತವನ್ನೇ ಅದು ‘ಇಲ್ಲ’ ಎನ್ನಬಹುದು! ಹೋಲಿಸುವ ಮೊದಲು ‘ಯೂನಿಕೋಡ್‌ಡೇಟಾ’ ಲೈಬ್ರರಿಯ ‘ನಾರ್ಮಲೈಸ್’ ಆಜ್ಞೆಯಿಂದ ಎರಡನ್ನೂ ಒಂದೇ ರೂಪಕ್ಕೆ ತನ್ನಿ. ಹಂಪಿ, ಸಂಡೂರು, ಕಂಪ್ಲಿ ಎಂಬ ಹೆಸರುಗಳಿಗೆ ಈ ತೊಂದರೆಯಿಲ್ಲ. ಏಕೆಂದು ನೀವೇ ಹುಡುಕಿ ನೋಡಿ.

ನಿಮ್ಮ ಪ್ರಯೋಗಾಲಯದಲ್ಲಿ ಒಂದು ಕೆಲಸ ಮಾಡಿ. ಒಂದು ಚಿತ್ರವನ್ನು ಎರಡೂ ಬಗೆಯಲ್ಲಿ ಪ್ರತಿ ಮಾಡಿ, ಮೂರು ಕಡತಗಳ ಗಾತ್ರ ಮತ್ತು ವೇಳೆಯನ್ನು ಪಟ್ಟಿ ಮಾಡಿ. ಕೇವಲ ಓದುವ ಪ್ರೋಗ್ರಾಂ ಏನನ್ನೂ ಕೆಡಿಸುವುದಿಲ್ಲ, ಆದ್ದರಿಂದ ಅಳುಕಬೇಡಿ. ಅಳಿಸುವ ಆಜ್ಞೆಯನ್ನು ಮಾತ್ರ ಪಟ್ಟಿಯನ್ನು ನಿಮ್ಮ ಕಣ್ಣಿನಿಂದಲೇ ನೋಡಿ ಪರಿಶೀಲಿಸಿದ ಬಳಿಕ ಬಳಸಿ. ಮುಂದೊಂದು ದಿನ ನಿಮ್ಮ ಚಿತ್ರವನ್ನು ನೋಡಿದವರು ‘ಇದು ಯಾವಾಗಿನದು?’ ಎಂದು ಕೇಳಿಯೇ ಕೇಳುತ್ತಾರೆ. ಅವರಿಗೆ ಉತ್ತರ ಸಿಗುವಂತೆ ಇಂದೇ ನೋಡಿಕೊಳ್ಳಿ.